ತೂತುಗಳಲ್ಲಿ ಏರಿದ ನೀರು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಗೋಪನಕೊಪ್ಪದಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿ ನಡೆಸಿ ಬದುಕಿದವನು ನಾನು. ಬಾವಿಯ ಪಂಪು ಅಮಾವಾಸ್ಯೆಯ ದಿನ ತಾನಾಗಿಯೇ ಚಾಲೂ ಆಗುತ್ತದೆ ಎಂದು ಒಬ್ಬ ರೈತ ನಡುಗುತ್ತ ಬಂದಾಗ, "ಸ್ಟಾರ್ಟರ್ ಬಿಚ್ಚಿಕೊಂಡ ಬಾರಪಾ, ಅದರಾಗಿನ ದೆವ್ವ ನಾ ತೆಗೀತೇನಿ" ಎಂದಿದ್ದೆ. ತೆಗೆದದ್ದು ಒಂದು ಸತ್ತ ಹಲ್ಲಿ. ಹೈಸ್ಕೂಲಿನಾಚೆ ಓದದ ನನಗೆ ಅಷ್ಟು ವಿದ್ಯೆ ಸಾಕೆನಿಸಿತ್ತು. ಈಗ ಬರೆಯುತ್ತಿರುವುದನ್ನು ನೀವು ನಂಬಬೇಕೆಂದು ಕೇಳುವ ಮುಖ ನನಗಿಲ್ಲ. ನಡೆದದ್ದನ್ನು ಹೇಳುತ್ತೇನೆ. ಅದರಲ್ಲಿ ನಾನು ಮಾಡಿದ್ದನ್ನೂ ಹೇಳುತ್ತೇನೆ.

ಅಂಗಡಿಯನ್ನು ಅಳಿಯನ ಕೈಗೆ ಕೊಟ್ಟ ಮೇಲೆ ನನಗೆ ಮೀನು ಹಿಡಿಯುವ ಹುಚ್ಚು ಹತ್ತಿತು. ಲಿಂಗಾಯತರ ಮನೆಯಲ್ಲಿ ಹುಟ್ಟಿದ ನಾನು ಮೀನು ಬಾಯಿಗಿಟ್ಟವನಲ್ಲ. ಹಿಡಿದದ್ದನ್ನೆಲ್ಲ ಅಲ್ತಾಫನಿಗೆ ಕೊಟ್ಟು ಬರುತ್ತಿದ್ದೆ. ಶಿರಗುಪ್ಪಿ ಕಡೆಯ ಒಂದು ಕೆರೆಯ ಮೀನಿನ ಗುತ್ತಿಗೆ ಅವನದು. ದಾಂಡೇಲಿ ಕಡೆ ಒಂದು ರೆಸಾರ್ಟ್ ಮುಚ್ಚಿದಾಗ ಅಲ್ಲಿದ್ದ ಹಳೆಯ ಕಯಾಕ್, ಅಂದರೆ ಒಬ್ಬರೇ ಹುಟ್ಟು ಹಾಕುವ ಸಣ್ಣ ದೋಣಿ, ಕೊಂಡು ತಂದು ಅವನ ಶೆಡ್ಡಿನಲ್ಲೇ ಇಟ್ಟಿದ್ದೆ.

ಇದರ ಒಳಗೆ ಕೂಡುವಂತಿಲ್ಲ, ಮೇಲೆ ಕೂಡಬೇಕು. ಗಟ್ಟಿ ಪ್ಲಾಸ್ಟಿಕ್ಕಿನ ಟೊಳ್ಳು ಒಡಲು, ಗಾಳಿ ತುಂಬಿದ ಡಬ್ಬಿಯ ಹಾಗೆ. ಮೇಲಿಂದ ತಳದವರೆಗೆ ಆರಪಾರ ತೂತುಗಳು. ಅದರ ಮೈಮೇಲೆ ಬಿದ್ದ ನೀರು ಅವುಗಳಿಂದ ಇಳಿದು ಹೋಗುತ್ತದೆ, ದೋಣಿ ಮುಳುಗುವುದಿಲ್ಲ. ಮೊದಲ ದಿನ ದಂಡೆಯಲ್ಲಿ ಎಮ್ಮೆ ತೊಳೆಯುತ್ತಿದ್ದವನೊಬ್ಬ, "ಕಾಕಾ, ಸಾಬಾನದ ಡಬ್ಬಿ ಮ್ಯಾಲ ಕುಂತು ಎಲ್ಲಿಗೆ ಹೊಂಟ್ರಿ?" ಎಂದು ಕೂಗಿದ್ದ. ಆದರೆ ಈ ತೂತುಗಳು ಸುಳ್ಳು ಹೇಳುವುದಿಲ್ಲ. ಮೇಲಿನ ಭಾರ ಹೆಚ್ಚಾದರೆ ಕೆರೆಯ ನೀರೇ ಅವುಗಳಿಂದ ಮೇಲಕ್ಕೆ ಬರುತ್ತದೆ. ನಾನೊಬ್ಬನೇ ಇದ್ದರೆ ಕೂತ ಜಾಗ ಒಣಗಿರುತ್ತಿತ್ತು. ಒಮ್ಮೆ ಅಲ್ತಾಫ್ ನನ್ನ ಬೆನ್ನ ಹಿಂದೆ, ಸಾಮಾನಿಡುವ ತಗ್ಗಿನಲ್ಲಿ ಕೂತಾಗ ದೋಣಿಯ ಮೂತಿ ಮೇಲೆದ್ದು, ಇಬ್ಬರ ಕೆಳಗೂ ನೀರು ಬಂದಿತ್ತು. ಇಳಿದ ಮೇಲೆ ಅವನು ನನ್ನ ಪ್ಯಾಂಟು ನೋಡಿ, ತನ್ನದು ನೋಡಿಕೊಂಡು, "ಮನ್ಯಾಗ ಏನಂತ ಹೇಳೂದ್ರಿ ಕಾಕಾ, ಇಬ್ಬರೂ ಮಾಡಿಕೊಂಡಂಗ ಆಗೇತಿ!" ಎಂದು ಬಿದ್ದು ಬಿದ್ದು ನಕ್ಕಿದ್ದ.

ನನ್ನ ಹೆಂಡತಿ ನೀಲವ್ವ ಕೆಲವು ಸಲ ನನ್ನ ಜೊತೆ ಬರುತ್ತಿದ್ದಳು. ಏರಿಯ ಮೇಲೆ ಗೋಳಿ ಪಲ್ಯದ ಸೊಪ್ಪು ಆರಿಸುತ್ತ, ನಾನು ತೇಲುವುದನ್ನು ನೋಡುತ್ತ ಇರುತ್ತಿದ್ದಳು. ಒಂದು ದಿನ ನಾನು ದಂಡೆಗೆ ಬಂದಾಗ ಕೇಳಿದಳು.

"ಅಲ್ರಿ, ತಿನ್ನೂದಿಲ್ಲ, ಮಾರೂದಿಲ್ಲ. ಮತ್ಯಾಕ ಹಿಡೀತೀರಿ?"

"ನೀರಾಗ ಸುಮ್ನ ಕುಂಡ್ರಾಕ ಛಲೋ ಅನಸ್ತೈತಿ."

"ಸುಮ್ನ ಕುಂಡ್ರೂದಾದ್ರ ಗಾಳ ಯಾಕ ಬೇಕು? ಅದನ್ನ ಇಲ್ಲೇ ಇಟ್ಟು ನನ್ನ ಕುಂಡ್ರಿಸ್ಕೊಳ್ರಿ. ಒಂದ ಸುತ್ತ ಹಾಕ್ಸಿರಿ."

ಅವಳು ಮೈಯಿಂದ ದಪ್ಪ. ಅಲ್ತಾಫ್ ಮತ್ತು ದಂಡೆಯಲ್ಲಿದ್ದ ನಾಲ್ಕು ಮಂದಿ ಕೇಳುವ ಹಾಗೆ ನಾನು, "ನೀ ಕುಂತ್ರ ದೋಣಿ ಹೋಗೂದಿಲ್ಲ, ಕೆರೀನ ದಂಡಿಗೆ ಬರತೈತಿ" ಎಂದೆ. ಎಲ್ಲರೂ ನಕ್ಕರು. ಅವಳೂ ಬಾಯಿಗೆ ಸೆರಗು ಹಿಡಿದು ನಕ್ಕಳು. ಅಲ್ತಾಫ್ ಅವಳಿಗಿಂತ ದಪ್ಪನೆಂಬುದೂ ಅವನನ್ನು ದೋಣಿ ಹೊತ್ತಿತ್ತೆಂಬುದೂ ನನಗೆ ಗೊತ್ತಿತ್ತು. ಖರೇ ಹೇಳಬೇಕೆಂದರೆ, ಆ ಹೊತ್ತಿನಲ್ಲಿ ನನಗೆ ಯಾರೂ ಬೇಡವಾಗಿದ್ದರು. ಬಾಳೆಲ್ಲ ನನ್ನ ಜೊತೆ ಇದ್ದವಳಿಂದಲೇ ಸ್ವಲ್ಪ ದೂರ ಹೋಗಿ ಕೂಡಲೆಂದು ನಾನು ಆ ದೋಣಿ ಕೊಂಡಿದ್ದೆ.

ಮುಂದೆ ಅವಳಿಗೆ ಹೊಟ್ಟೆಯ ಬೇನೆ ಬಂತು. ಆಸ್ಪತ್ರೆ, ಔಷಧ ಎಲ್ಲ ಆಯಿತು. ಬಳೆ ಮೊಣಕೈವರೆಗೆ ಜಾರುವಷ್ಟು ಸೊರಗಿದಳು. ಒಂದು ಮಧ್ಯಾಹ್ನ ಗಂಜಿ ಕುಡಿಸುವಾಗ ಅವಳೇ ಮಾತು ತೆಗೆದಳು. "ಈಗರ ಹತ್ತಬಹುದಲ್ರಿ? ಭಾರ ಇಲ್ಲ ಈಗ ನಾ."

ಎತ್ತಿಕೊಂಡು ಹೋಗಿ ಕೂಡಿಸಬಹುದಿತ್ತು. ಅಲ್ತಾಫ್ ಓಡಿ ಬರುತ್ತಿದ್ದ. ನಾನು, "ಕೆರಿ ನೀರು ಇಳದೈತಿ. ಮಳಿ ಆಗಲಿ, ನೋಡೂಣು" ಎಂದೆ. ಹಿಂದಿನ ದಿನವಷ್ಟೇ ನಾನು ಅದೇ ನೀರಿನಲ್ಲಿ ತೇಲಿ ಬಂದಿದ್ದೆ. ಅವಳಿಗೂ ಅದು ಗೊತ್ತಿತ್ತು. "ಹೂಂ, ಆಗಲಿ ತಗೋರಿ" ಎಂದಳು.

ಮಳೆಗಿಂತ ಮೊದಲೇ ಹೋದಳು. ನಮ್ಮಲ್ಲಿ ಸತ್ತವರನ್ನು ಕೂಡಿಸಿ ಮಣ್ಣು ಮಾಡುತ್ತಾರೆ. ಕುಣಿಯಲ್ಲಿ ಕೂಡಿಸುವಾಗ ಅವಳ ಹೆಗಲಿಗೆ ನಾನೂ ಕೈ ಕೊಟ್ಟಿದ್ದೆ. ಕೈಗೆ ಏನೂ ತಾಗಿದಂತಾಗಲಿಲ್ಲ, ಅಷ್ಟು ಹಗುರಾಗಿದ್ದಳು.

ಆ ವರ್ಷದ ಚಳಿಗಾಲದಲ್ಲಿ ಮತ್ತೆ ಕೆರೆಗೆ ಹೋದೆ. ಮನೆಯಲ್ಲಿ ಇರಲಾಗುತ್ತಿರಲಿಲ್ಲ. ಮಂಜು ಕರಗಿ ಬಿಸಿಲು ಬಿದ್ದಿತ್ತು, ಎಲೆ ಅಲುಗುವಷ್ಟೂ ಗಾಳಿ ಇರಲಿಲ್ಲ. ಕೆರೆಯ ನಡುವೆ ಹುಟ್ಟು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಗಾಳವನ್ನೂ ನೀರಿಗೆ ಬಿಟ್ಟಿರಲಿಲ್ಲ. ಆಗ ದೋಣಿಯ ಮೂತಿ ನಿಧಾನವಾಗಿ ಮೇಲೆದ್ದಿತು. ಎತ್ತಿನ ಗಾಡಿಯ ಹಿಂದೆ ಯಾರಾದರೂ ಹತ್ತಿ ಕೂತಾಗ ಮುಂದಿನ ನೊಗ ಏಳುವ ಹಾಗೆ. ಜಗ್ಗಾಟವಿಲ್ಲ, ಸಪ್ಪಳವಿಲ್ಲ. ಮರುಗಳಿಗೆ ಕೂತಲ್ಲಿ ತಣ್ಣಗಾಯಿತು. ತೂತುಗಳಿಂದ ನೀರು ಮೇಲೆ ಬಂದು ತೊಡೆಯ ಕೆಳಗೆ ತುಂಬುತ್ತಿತ್ತು.

ದಂಡೆಯಲ್ಲಿ ಬಲೆ ಒಣಹಾಕುತ್ತಿದ್ದ ಅಲ್ತಾಫ್ ಕೂಗಿದ. "ಕಾಕಾ, ಹಿಂದ ಏನ್ ಹೇರೀರಿ? ಮೂತಿ ಮ್ಯಾಲ ಎದ್ದೈತಲ್ಲ!"

ನಾನು ಏನೂ ಹೇರಿರಲಿಲ್ಲ. ತಿರುಗಿ ನೋಡಲಿಲ್ಲ. ಕುತ್ತಿಗೆ ತಿರುಗಲಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ, ಆದರೆ ತಿರುಗಿಸಿದ್ದರೆ ತಿರುಗುತ್ತಿತ್ತು. ನನಗೆ ಗೊತ್ತಾಗಿತ್ತು. ಅದು ಕುಣಿಯಲ್ಲಿ ಕೂಡಿಸಿದ ಹಗುರ ಮೈಯಲ್ಲ. ಏರಿಯ ಮೇಲೆ ಪಲ್ಯ ಆರಿಸುತ್ತಿದ್ದವಳ ತುಂಬಿದ ಮೈಯ ಭಾರ. ಹಾಸಿಗೆಯಲ್ಲಿ ಅವಳು ಮಗ್ಗುಲಾದಾಗ ಮಂಚ ಹೇಗೆ ಆ ಕಡೆ ವಾಲುತ್ತಿತ್ತೋ ಹಾಗೆಯೇ ದೋಣಿ ಒಮ್ಮೆ ವಾಲಿ ಸಮವಾಯಿತು.

ನನ್ನ ಬಾಯಿಂದ ಬಂದದ್ದು ಒಂದೇ ಮಾತು: "ಯಾರದು?"

ನಾಯಿ ಓಡಿಸುವ ದನಿಯಲ್ಲಿ ಕೇಳಿದೆ. ಇಷ್ಟು ವರ್ಷ ಬಾಳಿದವಳನ್ನು ಯಾರು ಎಂದು ಕೇಳಿದೆ. ಕೇಳಿ, ಉತ್ತರಕ್ಕೂ ಕಾಯದೆ ಹುಟ್ಟು ಹಾಕಿ ದೋಣಿಯನ್ನು ದಂಡೆಯ ಕಡೆ ತಿರುಗಿಸಿದೆ. ಸುತ್ತು ಹಾಕಲು ಇಡೀ ಕೆರೆ ಮುಂದಿತ್ತು. ಮೂತಿ ದಂಡೆಗೆ ತಿರುಗಿದ ಕೂಡಲೇ ಹಿಂದಿನ ಭಾರ ಸಡಿಲಾಯಿತು. ತೊಡೆಯ ಕೆಳಗಿನ ನೀರು ತೂತುಗಳಲ್ಲಿ ಗುಳುಗುಳು ಎಂದು ಇಳಿದು ಹೋಯಿತು. ದೋಣಿ ಮತ್ತೆ ನನ್ನೊಬ್ಬನದಾಯಿತು.

ಅಲ್ತಾಫ್ ದೋಣಿಯನ್ನು ದಂಡೆಗೆ ಎಳೆದು, ಒಡಲು ಬಿರಿದು ನೀರು ಹೊಕ್ಕಿರಬೇಕೆಂದು ತಳದ ಬಿರಡೆ ಬಿಚ್ಚಿ ದೋಣಿಯನ್ನು ವಾಲಿಸಿದ. ಹನಿ ನೀರು ಬರಲಿಲ್ಲ. ಬಿರಡೆಯ ಬಾಯಿಗೆ ಬೆರಳು ಹಾಕಿ ನೋಡಿದ, ಒಳಗೆ ಒಣಗಿತ್ತು. ನನ್ನ ಪ್ಯಾಂಟು ಮಾತ್ರ ಸೊಂಟದವರೆಗೆ ತೊಯ್ದಿತ್ತು. ಈ ಸಲ ಅವನು ನಗಲಿಲ್ಲ. "ಚಹಾ ಕುಡೀರಿ ಕಾಕಾ" ಎಂದಷ್ಟೇ ಹೇಳಿದ.

ಕಾರಣ ಹುಡುಕದೆ ಇರಲಿಲ್ಲ. ಮುಳುಗಿದ ಜಾಲಿಯ ಬೊಡ್ಡೆಗೆ ದೋಣಿಯ ಹಗ್ಗ ಸಿಕ್ಕಿರಬಹುದೇ ಎಂದು ಯೋಚಿಸಿದೆ. ಹಗ್ಗದ ಸುರುಳಿಯನ್ನು ಅಂದು ಬಿಚ್ಚಿಯೇ ಇರಲಿಲ್ಲ. ದೊಡ್ಡ ಆಮೆಯೇ ಎಂದುಕೊಂಡೆ. ಆಮೆ ಹಾಗೆ ಹತ್ತಿ ಕೂಡುವುದಿಲ್ಲ. ಮಗಳು, "ಅಪ್ಪಾ, ಅವ್ವನ್ನ ಭಾಳ ನೆನಸ್ತೀ, ಅದಕ್ಕ ಹಂಗ ಅನಿಸೇತಿ" ಎಂದು ಸಮಾಧಾನ ಮಾಡಿದಳು. ಅನಿಸಿದ್ದು ನನಗಾದರೆ ಅಲ್ತಾಫನಿಗೆ ಹೇಗೆ ಕಂಡಿತು? ಇಂದಿಗೂ ನನಗೆ ತಿಳಿಯದು. ನೀಲವ್ವ ಅಂದೂ ನನ್ನಿಂದ ಬೇಡವೆನ್ನಿಸಿಕೊಂಡು ಹೋದದ್ದನ್ನು ಮಗಳಿಗೆ ಹೇಳುವ ಧೈರ್ಯವೂ ಆಗಲಿಲ್ಲ.

ಆಮೇಲೆ ಎಷ್ಟೋ ಸಲ ಹೋಗಿದ್ದೇನೆ. ಗಾಳ ಒಯ್ಯುವುದಿಲ್ಲ. ಹಿಂದಿನ ತಗ್ಗಿನಲ್ಲಿ ಏನೂ ಇಡುವುದಿಲ್ಲ. ಇಡೀ ಕೆರೆಯನ್ನು ದಂಡೆಗುಂಟ ಸುತ್ತು ಹಾಕಿ ನಡುವೆ ಬಂದು ಕಾಯುತ್ತೇನೆ. ಅವಳ ಹೆಸರು ಹಿಡಿದು ಕರೆದ ರೂಢಿ ನನಗಿಲ್ಲ. "ಕೇಳಿಲ್ಲಿ", "ಏ" ಇಷ್ಟರಲ್ಲೇ ಸಂಸಾರ ಮುಗಿದಿತ್ತು. ಮೊನ್ನೆ ಮಾತ್ರ ನಡುನೀರಿನಲ್ಲಿ, "ನೀಲವ್ವಾ, ಬಾ, ಕುಂಡ್ರು" ಎಂದು ಗಟ್ಟಿಯಾಗಿ ಕರೆದೆ. ದಂಡೆಯಲ್ಲಿ ಅರಿವೆ ಒಗೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನೋಡಿದರು. ಬಿಸಿಲೇರುವವರೆಗೂ ಕೂತೆ. ನೀರು ತೂತಿನೊಳಗೆ ನನ್ನೊಬ್ಬನ ಭಾರಕ್ಕೆ ಎಷ್ಟು ಏರಬೇಕೋ ಅಷ್ಟೇ ಏರಿ ನಿಂತಿತ್ತು.