ಡಾಂಗ್‌ಗುಯಿ ಕಷಾಯ

ಪರದೇಶದ ಈ ಲುಂಡ್ ಊರಿಗೆ ಬಂದ ಎರಡನೆಯ ವರ್ಷ ನನ್ನ ಗಂಡನ ಹೃದಯದ ಕವಾಟ ಬದಲಿಸಿದರು. ಒಳಗೆ ಲೋಹದ ಕವಾಟ; ಅದರ ಮೇಲೆ ರಕ್ತ ಹೆಪ್ಪುಗಟ್ಟದಿರಲೆಂದು ಜೀವನಪೂರ್ತಿ ರಕ್ತ ತೆಳುವಾಗಿಸುವ ಮಾತ್ರೆ. ಆಪರೇಷನ್ ಚೆನ್ನಾಗಿಯೇ ಆಯಿತು, ಆದರೆ ಮನುಷ್ಯ ಚೇತರಿಸಿಕೊಳ್ಳಲಿಲ್ಲ. ಮೇ ತಿಂಗಳ ಬಿಸಿಲಿನಲ್ಲೂ ಸ್ವೆಟರ್ ಹಾಕಿಕೊಂಡು ಸೋಫಾದ ಮೂಲೆಯಲ್ಲಿ ಕೂರುತ್ತಿದ್ದ. ಸೈಕಲ್ ಹತ್ತಿ ಮೂರು ತಿಂಗಳಾಗಿತ್ತು. ಡಾಕ್ಟರು ಸಮಯ ಬೇಕು ಅನ್ನುತ್ತಿದ್ದರು. ಸಮಯ ಬೇಕು ಅನ್ನುವವರನ್ನು ಕಂಡರೆ ಆ ದಿನಗಳಲ್ಲಿ ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಾನು ಕೆಲಸ ಮಾಡುವ ಲ್ಯಾಬಿನಲ್ಲಿ ಪಕ್ಕದ ಬೆಂಚಿನವಳು ಚೀನಾದವಳು. ಒಂದು ದಿನ ಫಿಕಾ, ಅಂದರೆ ಇಲ್ಲಿನವರ ಕಾಫಿ ಬಿಡುವಿನ ಹೊತ್ತಿನಲ್ಲಿ ಕಾಫಿ ಮುಂದಿಟ್ಟುಕೊಂಡು ಅವಳೆದುರು ಅತ್ತುಬಿಟ್ಟೆ. ಗಂಡನಿಗೆ ತುಂಬ ಸುಸ್ತು ಎಂದಷ್ಟೇ ಹೇಳಿದೆ, ಮಾತ್ರೆಯ ವಿಷಯ ಹೇಳಲಿಲ್ಲ. ಮರುದಿನ ಒಂದು ಪೊಟ್ಟಣ ತಂದುಕೊಟ್ಟಳು. ಡಾಂಗ್‌ಗುಯಿ ಎಂಬ ಬೇರು, ತೆಳ್ಳಗೆ ಸೀಳಿ ಒಣಗಿಸಿದ್ದು. ರಕ್ತ ಕಡಿಮೆಯಾದವರಿಗೆ, ಬಾಣಂತಿಯರಿಗೆ ಅವರಲ್ಲಿ ಕೊಡುತ್ತಾರಂತೆ. ವಾರಕ್ಕೊಮ್ಮೆ ಕೋಳಿ ಸಾರಿಗೆ ಎರಡು ಚೂರು ಹಾಕು ಎಂದಳು.

ನಮ್ಮದು ಕೋಳಿ ಬೇಯಿಸುವ ಮನೆಯಲ್ಲ. ಅದೂ ಅಲ್ಲದೆ, ಬೇರು ಕೈಗೆ ಬಂದರೆ ನಮಗೆ ಗೊತ್ತಿರುವುದು ಒಂದೇ ದಾರಿ. ಒಂದು ಹಿಡಿ ಹಾಕಿ, ನಾಲ್ಕು ಲೋಟ ನೀರು ಒಂದು ಲೋಟಕ್ಕೆ ಇಳಿಯುವವರೆಗೆ ಕುದಿಸಿ, ಬೆಲ್ಲ ಬೆರೆಸಿ, ಬೆಳಿಗ್ಗೆ ಸಂಜೆ ಕುಡಿಸಿದೆ. ಲ್ಯಾಬಿನಲ್ಲಿ ಮೈಕ್ರೋಗ್ರಾಂ ಲೆಕ್ಕದಲ್ಲಿ ತೂಗುವ ಹೆಂಗಸು ನಾನು! ಅವನು ಮೂಗು ಹಿಡಿದುಕೊಂಡು ಕುಡಿದ. ಮೂರನೆಯ ದಿನ "ಸ್ವಲ್ಪ ಬೆಚ್ಚಗನ್ಸತ್ತೆ ಕಣೇ" ಅಂದ. ಅಷ್ಟು ಸಾಕಿತ್ತು. ಒಂದು ಹಿಡಿಯನ್ನು ಒಂದೂವರೆ ಮಾಡಿದೆ.

ಎರಡು ವಾರ ಕಳೆದ ಮೇಲೆ ರಕ್ತಪರೀಕ್ಷೆಯಲ್ಲಿ ರಕ್ತ ವಿಪರೀತ ತೆಳುವಾಗಿದೆ ಎಂದು ಬಂತು. ನರ್ಸ್ ಫೋನ್ ಮಾಡಿ, ಹೊಸ ಔಷಧಿ ಏನಾದರೂ ಶುರು ಮಾಡಿದ್ದೀರಾ ಎಂದು ಕೇಳಿದಳು. ಇಬ್ಬರೂ ಇಲ್ಲ ಎಂದೆವು. ಸುಳ್ಳು ಹೇಳಲಿಲ್ಲ. ನಮ್ಮಲ್ಲಿ ಕಷಾಯವನ್ನು ಯಾರು ಔಷಧಿ ಅನ್ನುತ್ತಾರೆ? ಸಾರಿನ ಪಕ್ಕದ ಒಲೆಯ ಮೇಲೆ ಕುದಿಯುವಂಥದ್ದು ಅದು. ಅವರು ಮಾತ್ರೆ ಕಡಿಮೆ ಮಾಡಿದರು. ನಾನು ಕಷಾಯ ನಿಲ್ಲಿಸಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಹಲ್ಲುಜ್ಜುತ್ತಿದ್ದವನು ಕೂಗಿದ. ಸಿಂಕ್ ತುಂಬ ರಕ್ತ. ಮೂಗಿನಿಂದಲೂ ಸುರಿಯುತ್ತಿತ್ತು. ಟವೆಲ್ ಮೇಲೆ ಟವೆಲ್ ಒತ್ತಿದೆ, ನಿಲ್ಲಲಿಲ್ಲ. ಆಂಬ್ಯುಲೆನ್ಸ್‌ನಲ್ಲಿ ಅವನ ಕೈ ಐಸಿನಂತಿತ್ತು, ನಾನು ಹುಚ್ಚಿಯ ಹಾಗೆ ಅದನ್ನು ಉಜ್ಜುತ್ತಲೇ ಇದ್ದೆ.

ಆಸ್ಪತ್ರೆಯಲ್ಲಿ ಡಾಕ್ಟರು ನೇರವಾಗಿಯೇ ಹೇಳಿದರು. ರಕ್ತ ಹೆಪ್ಪುಗಟ್ಟಿಸುವ ಔಷಧಿ ಹೆಚ್ಚಾದರೆ ಕವಾಟವೇ ಕಟ್ಟಿಕೊಳ್ಳುತ್ತದೆ, ಕಡಿಮೆಯಾದರೆ ರಕ್ತ ನಿಲ್ಲುವುದಿಲ್ಲ, ಹೀಗೇಕಾಯಿತೆಂದು ಗೊತ್ತಾಗಲೇಬೇಕು. ಆಮೇಲೆ ಅವನನ್ನು ಕೇಳಿದರು: ಗಿಡಮೂಲಿಕೆ, ಬೇರು, ಅಂಥದ್ದೇನಾದರೂ?

ಬೇರು ಎಂದ ಕೂಡಲೇ ನನಗೆ ಕಷಾಯ ನೆನಪಾಯಿತು. ಅವನಿಗೂ ಆಗಲೇ ಹೊಳೆದಿತ್ತು. ಒಮ್ಮೆ ನನ್ನ ಕಡೆ ನೋಡಿದ. ಬಾಯಿಗೆ ಒತ್ತಿದ್ದ ಬಟ್ಟೆ ತೆಗೆದು "ನೋ. ನಥಿಂಗ್" ಅಂದ.

ನನ್ನ ಮಾನ ಉಳಿಸಲು ಸಾಯುವುದಕ್ಕೂ ತಯಾರಾಗಿದ್ದ. ಪಾಪಿ ನಾನು, ಒಂದು ಕ್ಷಣ ಸುಮ್ಮನಿದ್ದೆ. ಆ ಕ್ಷಣಕ್ಕೆ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಆಮೇಲೆ "ಕೊಟ್ಟಿದೀನಿ! ನಾನೇ ಕೊಟ್ಟಿದೀನಿ, ದಿನಾ ಎರಡ್ಸಲ!" ಎಂದು ಕಿರುಚಿದೆ. ಡಾಕ್ಟರು ಏನೂ ಅರ್ಥವಾಗದೆ ನೋಡುತ್ತಿದ್ದರು. ಕನ್ನಡದಲ್ಲಿ ಕಿರುಚಿದ್ದೆ. ಅದೇ ಮಾತನ್ನು ಇಂಗ್ಲಿಷಿನಲ್ಲಿ ಇನ್ನೊಮ್ಮೆ ಹೇಳಬೇಕಾಯಿತು.

ಆ ಬೇರು ಮಾತ್ರೆಯ ಬಲವನ್ನು ಹೆಚ್ಚಿಸುತ್ತದಂತೆ; ಅದು ಗೊತ್ತಾಗಿ ಸರಿಯಾದ ಔಷಧಿ ಕೊಟ್ಟ ಮೇಲೆ ರಕ್ತ ನಿಂತಿತು. ಮೂರು ದಿನದ ನಂತರ ವಾರ್ಡಿನಲ್ಲಿ ಅವನು ನನ್ನ ಕೈ ಹಿಡಿದು, "ಯಾಕೆ ಹೇಳ್ದೆ? ಇನ್ಮೇಲೆ ನೀನು ನಂಗೆ ಏನೂ ಮಾಡ್ಕೊಡಲ್ಲ, ನೋಡ್ತಿರು" ಎಂದು ನಗಲು ಪ್ರಯತ್ನಿಸಿದ.

ಅವನು ಹೇಳಿದಂತೆಯೇ ಆಯಿತು. ಈಗ ಮನೆಯಲ್ಲಿ ಅಡುಗೆ ಅವನದೇ. ಅವನಿಗೆ ಒಂದು ಲೋಟ ನೀರು ಕೊಡಬೇಕಾದರೂ ಮೊದಲು ಒಂದು ಗುಟುಕು ನಾನು ಕುಡಿದು ನೋಡುತ್ತೇನೆ.