ಮದುವೆ ಪದ್ಯದ ಹರಿಸಾಧನ ಕುಂಡು

ನಮ್ಮ ಕಾಲನಾ ಊರಿನಲ್ಲಿ ಯಾರ ಮನೆಯ ಮದುವೆಯಾದರೂ ಪುರೋಹಿತರಿಗೆ, ಅಡುಗೆಯವನಿಗೆ, ಶಹನಾಯಿಯವನಿಗೆ ಹೇಳಿದ ಮೇಲೆ ಹರಿಸಾಧನ ಕುಂಡುವಿಗೂ ಹೇಳಿಕಳಿಸಬೇಕಿತ್ತು. ತೆಳ್ಳನೆ ಗುಲಾಬಿ ಕಾಗದದ ಮೇಲೆ ಅಚ್ಚು ಹಾಕಿಸಿ ಬಂದವರಿಗೆಲ್ಲ ಹಂಚುವ ಮದುವೆ ಪದ್ಯ ಬರೆಯುವವನು ಅವನೇ. ಅಜ್ಜಿಯ ಹೆಸರಲ್ಲಿ ಹರಸುವ ಪದ್ಯ ಒಂದು, ನಾದಿನಿಯ ಹೆಸರಲ್ಲಿ ಭಾವನನ್ನು ಛೇಡಿಸುವ ಪದ್ಯ ಇನ್ನೊಂದು. ಬರೆದವನ ಹೆಸರು ಮಾತ್ರ ಎಲ್ಲೂ ಇರುತ್ತಿರಲಿಲ್ಲ. ಪದ್ಯವಿಲ್ಲದ ಮದುವೆ ಎಂದರೆ ಕದ್ದು ಮಾಡಿದ ಮದುವೆ ಎಂದು ಊರು ಮೂಗು ಮುರಿಯುತ್ತಿತ್ತು. ಮುಂದೆ ಅದೇ ಮನೆಯಲ್ಲಿ ಸಾವಾದರೆ ಶ್ರಾದ್ಧದ ದಿನ ಹಂಚಲು ಕಪ್ಪು ಅಂಚಿನ ಬಿಳಿ ಕಾಗದದ ಪದ್ಯ. ಅದೂ ಅವನದೇ.

ಹಗಲೆಲ್ಲ ಬಟ್ಟೆಯಂಗಡಿಯ ಗುಮಾಸ್ತ, ಸಂಜೆ ಕವಿ. ಗುಂಡಗಿನ ಮನುಷ್ಯ. ನಶ್ಯ ಏರಿಸಿ ಸೀನಿದರೆ ಪೇರಿಸಿಟ್ಟ ಸೀರೆ ಹಾರಬೇಕು. ಯಾರಿಗೂ ಇಲ್ಲವೆನ್ನಲು ಬಾರದು, ಆದ್ದರಿಂದ ಆರ್ಡರ್ ಮೇಲೆ ಆರ್ಡರ್. ಅಷ್ಟೊಂದು ಹೊಸದಾಗಿ ಬರೆಯಲು ಯಾರಿಂದಾದೀತು? ಹುಡುಗಿಯೆಂದರೆ ಹುಣ್ಣಿಮೆ ಚಂದ್ರ, ಹುಡುಗನೆಂದರೆ ತಾವರೆ, ಅಷ್ಟೇ. ಚಂದ್ರ ಬಂದರೆ ತಾವರೆ ಮುಚ್ಚಿಕೊಳ್ಳುತ್ತದಲ್ಲ ಮಾರಾಯ ಎಂದು ಒಬ್ಬರೂ ಕೇಳಲಿಲ್ಲ. ಸತ್ತವರೆಲ್ಲ ಪುಣ್ಯದ ದೋಣಿ ಏರಿ ಆಚೆ ದಡ ಸೇರುತ್ತಿದ್ದರು. ಬಡ್ಡಿ ತಿಂದವನಿಗೂ ಅದೇ ದೋಣಿ.

ಹೆಂಡತಿ ಕಾತ್ಯಾಯನಿ ಪದ್ಯ ಮುಟ್ಟುತ್ತಿರಲಿಲ್ಲ. ಅವಳದು ವಾಚನಾಲಯದ ಕಾದಂಬರಿ. ಮೀನು ಸೀಯುವಷ್ಟು ಹೊತ್ತು ಓದಿ, ಸೆರಗಿನಲ್ಲಿ ಕಣ್ಣೊರೆಸಿ, ಸೀದದ್ದನ್ನೇ ಗಂಡನಿಗೆ ಬಡಿಸುವಳು. ಅವನು ಮುಳ್ಳು ಬಿಡಿಸಿಕೊಂಡು ತಿನ್ನುವನು. ಅವರಿಬ್ಬರ ಸಂಸಾರ ಚೆನ್ನಾಗಿಯೇ ಇತ್ತು.

ಸ್ವಾತಂತ್ರ್ಯ ಬಂದು ಕೆಲವು ವರ್ಷವಾಗಿದ್ದ ಕಾಲ. ಫಾಲ್ಗುಣದ ಒಂದು ಮಧ್ಯಾಹ್ನ ನಿಸ್ತಾರಿಣಿ ದೇವಿ ಅಂಗಡಿ ಮೆಟ್ಟಿಲೇರಿದರು. ಬಿಳಿ ಸೀರೆಯ, ಕತ್ತರಿಸಿದ ಕೂದಲಿನ ಹಿರಿಯ ವಿಧವೆ. ಅವರ ಒಬ್ಬನೇ ಮಗ ಪ್ರದ್ಯೋತ್ ವಿಷಮಜ್ವರದಲ್ಲಿ ಹೋಗಿಬಿಟ್ಟಿದ್ದ. ಸೊಸೆ ಶೆಫಾಲಿ ಇನ್ನೂ ಚಿಕ್ಕವಳು, ಅತ್ತೆಯ ಜೊತೆಗೇ ಇದ್ದಳು. ಆ ಹುಡುಗಿಯ ಮದುವೆಗೂ ಗುಲಾಬಿ ಕಾಗದ ಬರೆದವನು, ಪ್ರದ್ಯೋತನ ಶ್ರಾದ್ಧಕ್ಕೆ ಬಿಳಿ ಕಾಗದ ಬರೆದವನು ಹರಿಸಾಧನನೇ.

"ಕುಂಡು ಬಾಬು, ಒಂದು ಮದುವೆ ಪದ್ಯ ಬೇಕಿತ್ತು."

"ಆಗಲಮ್ಮ. ಯಾರ ಮದುವೆ?"

"ನಮ್ಮ ಶೆಫಾಲಿದು. ದೋಣಿಗಟ್ಟೆಯಲ್ಲಿ ಟಿಕೆಟ್ ಹರೀತಾನಲ್ಲ ನಿಶಿಕಾಂತ, ಅವನ ಜೊತೆ."

ಹರಿಸಾಧನನ ಕೈಯಲ್ಲಿದ್ದ ಗಜಕಡ್ಡಿ ಅಲ್ಲೇ ನಿಂತಿತು. ವಿಧವೆಯ ಮದುವೆ ಕಾನೂನಿನಲ್ಲಿತ್ತು, ಕತೆಗಳಲ್ಲಿತ್ತು. ಕಾಲನಾದಲ್ಲಿ ಇರಲಿಲ್ಲ.

"ಬಾಯಿ ಮುಚ್ಚಿ, ನೊಣ ಹೋದೀತು," ಎಂದರು ನಿಸ್ತಾರಿಣಿ. "ನಾನು ಹದಿನಾರಕ್ಕೆ ಕುಂಕುಮ ಒರೆಸ್ಕೊಂಡೋಳು. ಏಕಾದಶಿ ಉಪವಾಸ ಎಣಿಸ್ತಾ ಎಣಿಸ್ತಾ ಮುದುಕಿಯಾದೆ. ಅವಳಿಗೂ ಅದೇ ಬೇಡ. ನನ್ನ ಭಾವ-ಮೈದುನರ ಮನೇಲಿ ಒಬ್ರೂ ಬರಲ್ವಂತೆ. ಬರದಿದ್ರೆ ಅವರ ಊಟ ಉಳೀತು. ಆದ್ರೆ ಪದ್ಯ ಇರಬೇಕು. ಕದ್ದು ಓಡ್ತಿಲ್ಲ ನಮ್ಮ ಹುಡುಗಿ. ಕೆಳಗೆ 'ಇಂತಿ ತಾಯಿ' ಅಂತ ನನ್ನ ಹೆಸರು ಹಾಕಿ. ಇನ್ನೊಂದು... ಅದರಲ್ಲಿ ನನ್ನ ಮಗನೂ ಇರಬೇಕು."

"ಅಮ್ಮಾ! ಶುಭಕಾರ್ಯದ ಕಾಗದದಲ್ಲಿ ತೀರಿಕೊಂಡವರ ಹೆಸರು ಹೇಗೆ ಹಾಕಲಿ? ಹುಡುಗನ ಕಡೆಯವರು ಎದ್ದು ಹೋದಾರು."

"ಅದು ನಿಮ್ಮ ಕೆಲಸ. ಅವನು ತಂದ ಹುಡುಗಿ ಅವಳು. ಅವನನ್ನ ಹೊರಗಿಟ್ಟು ನಾನು ಅವಳ್ನ ಕಳಿಸಲಾರೆ." ಮೆಟ್ಟಿಲಿಳಿಯುವಾಗ ತಿರುಗಿ ನಿಂತರು. "ಮತ್ತೆ, ಈ ಸಲ ಹೊಸದಾಗಿ ಬರೀರಿ. ನನ್ನ ಮಗನ ಶ್ರಾದ್ಧಕ್ಕೆ ಕೊಟ್ಟಿದ್ದನ್ನೇ ಗಾಣದ ಸಾಹಾ ಸತ್ತಾಗಲೂ ಓದಿದ್ರು. ನನಗೆ ಅಕ್ಷರ ಬರಲ್ಲ ಬಾಬು, ಕಿವಿ ಕೇಳಿಸುತ್ತೆ."

ಹರಿಸಾಧನನಿಗೆ ಭೂಮಿ ಬಾಯ್ಬಿಡಬಾರದೇ ಎನ್ನಿಸಿತು. ಊರಿಡೀ ಹೊಗಳಿದ್ದ ಪದ್ಯ. ಆ ತಾಯಿ ಅದನ್ನು ಎರಡನೇ ಸಲ ಗಾಣದ ಸಾಹಾನ ಅಂಗಳದಲ್ಲಿ ನಿಂತು ಕೇಳಿದ್ದರಲ್ಲ! ಆವತ್ತೇ ಬಂದು ಉಗಿದಿದ್ದರೆ ವಾಸಿಯಿತ್ತು.

ಸಂಜೆ ಬರೆಯಲು ಕೂತ. ಚಂದ್ರ ಬಂದ, ಹೊಡೆದುಹಾಕಿದ. ತಾವರೆ ಬಂತು, ಅದೂ ಹೋಯಿತು. ಪುಣ್ಯದ ದೋಣಿ ಹತ್ತಿಸೋಣವೆಂದರೆ ಈ ಮದುಮಗನೇ ದೋಣಿಗಟ್ಟೆಯವನು! ತಲೆ ಕೆರೆದುಕೊಂಡು ಹೆಂಡತಿಗೆ ಹೇಳಿದ.

ಕಾತ್ಯಾಯನಿ ಕಾದಂಬರಿಯಿಂದ ತಲೆಯೆತ್ತಿದಳು. "ನನ್ನ ಪುಸ್ತಕಗಳದ್ದೂ ಇದೇ ಹಣೆಬರಹ ಕಣ್ರೀ. ವಿಧವೆ ಯಾರನ್ನಾದ್ರೂ ಇಷ್ಟಪಟ್ಟಳೋ, ಮುಗೀತು. ಇಲ್ಲ ವಿಷ ಕುಡೀತಾಳೆ, ಇಲ್ಲ ಕಾಶಿಗೆ ಹೋಗ್ತಾಳೆ. ಬರೆಯೋ ಗಂಡಸರಿಗೆ ಅವಳ್ನ ಎಲ್ಲಿ ಕೂರಿಸಬೇಕು ಅಂತಲೇ ಗೊತ್ತಾಗಲ್ಲ. ನಾನು ಕಣ್ಣೀರು ಹಾಕ್ತೀನಿ, ಆಮೇಲೆ ಸಿಟ್ಟೂ ಬರುತ್ತೆ."

"ಹಾಗಾದ್ರೆ ನಾನೇನು ಮಾಡ್ಲಿ, ಹೇಳು."

"ಚಂದ್ರ ಯಾವತ್ತಾದ್ರೂ ಒಲೆ ಹಚ್ಚಿದ್ದುಂಟಾ? ಆ ಹುಡುಗಿ ಎಂಥವಳು ಅಂತ ಹೋಗಿ ಕೇಳಿ. ಇಷ್ಟು ವರ್ಷ ಬರೆದ್ರಲ್ಲ, ಒಂದು ಮನೇಲಾದ್ರೂ ಕೇಳಿದ್ರಾ?"

ಕೇಳಿರಲಿಲ್ಲ. ಮರುದಿನ ಬೆಳಿಗ್ಗೆಯೇ ನಿಸ್ತಾರಿಣಿಯ ಅಡುಗೆಮನೆ ಬಾಗಿಲಲ್ಲಿ ಮಣೆ ಹಾಕಿಸಿಕೊಂಡು ಕೂತ. ಶೆಫಾಲಿ ಕೊಳದ ಕಡೆ ಹೋಗಿದ್ದಳು. ಹುಡುಗಿಯ ಬಗ್ಗೆ ಹೇಳಿ ಅಂದರೆ ಮುದುಕಿ ಸೌತೆ ಹೆಚ್ಚುವುದನ್ನು ನಿಲ್ಲಿಸಿ ನಕ್ಕರು.

"ನನಗೇನು ಗೊತ್ತಪ್ಪ, ಅತ್ತೆ ಮುಂದೆ ಸೊಸೆ ಬಾಯಿ ಬಿಡ್ತಾಳಾ? ಎಲ್ಲ ಮಗನೇ ಹೇಳ್ತಿದ್ದ. 'ಅಮ್ಮಾ, ನಿನ್ನ ಸೊಸೆ ಗುಡುಗು ಬಂದ್ರೆ ಮಂಚದಡಿ ಹೊಕ್ಕೊಂತಾಳೆ, ಹೆಸರು ಹಿಡಿದು ಕರೀತಾ ಕೂತ್ರೆ ಮಾತ್ರ ಹೊರಗೆ ಬರೋದು' ಅಂತ. 'ಮುನಿಸು ಬಂದ್ರೆ ಬೇಳೆಗೆ ಉಪ್ಪು ಎರಡು ಸಲ ಹಾಕ್ತಾಳೆ, ತುಟಿಪಿಟಿಕ್ಕೆನ್ನದೆ ಉಂಡ್ರೆ ಅವಳೇ ನಗ್ತಾಳೆ' ಅಂತ. ಉಪ್ಪು ತಿಂದು ತಿಂದು ಬಿಂದಿಗೆ ನೀರು ಕುಡೀತಿದ್ದ ಪಾಪ..." ನಗುತ್ತಲೇ ಅವರ ಕಣ್ಣು ತುಂಬಿತು. ಹರಿಸಾಧನ ತಲೆ ಬಗ್ಗಿಸಿದ. ಅವನಿಗೆ ಪದ್ಯ ಸಿಕ್ಕಿತ್ತು.

ಮದುವೆಯ ದಿನ ಅಂಗಳದಲ್ಲಿ ಹಾಸಿದ ಚಾಪೆಯಲ್ಲಿ ಅರ್ಧ ಖಾಲಿ. ನೆಂಟರ ಕಿಟಕಿಗಳು ಮಾತ್ರ ಸ್ವಲ್ಪ ಸ್ವಲ್ಪ ತೆರೆದಿದ್ದವು. ವಿಧವೆ ಮಂಟಪಕ್ಕೆ ಬರಬಾರದೆಂದು ನಿಸ್ತಾರಿಣಿ ಒಳಬಾಗಿಲ ಹೊಸ್ತಿಲಿನಾಚೆ ಕೂತಿದ್ದರು. ಕಾತ್ಯಾಯನಿ ಹೋಗಿ ಅವರ ಪಕ್ಕದಲ್ಲೇ ಕೂತಳು. ಗುಲಾಬಿ ಕಾಗದ ಹಂಚಿಯಾಯಿತು. "ನೀವೇ ಓದಿ ಬಾಬು, ನನಗೆ ಕೇಳಿಸೋ ಹಾಗೆ," ಎಂದರು ಒಳಗಿನಿಂದ. ಹರಿಸಾಧನ ಎದ್ದ. ಸ್ವಂತ ಪದ್ಯವನ್ನು ಹತ್ತು ಜನರ ಮುಂದೆ ಓದುವುದು ಅವನ ಆಯುಸ್ಸಿನಲ್ಲೇ ಮೊದಲು.

ಗುಡುಗಿದರೆ ಮಂಚದಡಿ ಸೇರುವಳು, ನಗಬೇಡ;
ಅಡಿಗಡಿಗೆ ಹೆಸರ ಕರೆ, ಹೊರಬರುವಳು.
ಸಿಡುಕಿನಲಿ ಮುನಿದಂದು ಬೇಳೆಯಲಿ ಉಪ್ಪೆರಡು;
ನುಡಿಯದಲೆ ಉಂಡುಬಿಡು, ತಾ ನಗುವಳು.
ನುಡಿದವಳು ನಾನಲ್ಲ, ಬಲ್ಲವನು ನುಡಿದದ್ದು;
ಬಿಡದೆ ನೆನಪಿಡು ಅಳಿಯ. ಇಂತಿ ತಾಯಿ.

ಉಪ್ಪಿನ ಸಾಲಿಗೆ ಎಲ್ಲರೂ ಗೊಳ್ಳೆಂದರು. 'ಬಲ್ಲವನು' ಎಂಬಲ್ಲಿಗೆ ಬಂದಾಗ ನಗು ಒಬ್ಬೊಬ್ಬರಲ್ಲೇ ಇಳಿಯಿತು. ಶೆಫಾಲಿಯ ಮುಸುಕು ಅಲುಗಿತು. ಹರಿಸಾಧನ ಕಾಗದದ ಮರೆಯಿಂದ ಮದುಮಗನನ್ನು ನೋಡಿದ. ಹುಡುಗ ಈಗ ಎದ್ದು ಹೋದರೆ ಆ ಪಾಪ ತನ್ನ ತಲೆಯ ಮೇಲೆಯೇ.

ನಿಶಿಕಾಂತ ಎದ್ದೇಬಿಟ್ಟ. ಮಾತು ಕಡಿಮೆಯ ಮನುಷ್ಯ, ದಿನವಿಡೀ ದೋಣಿಗೆ ಜನ ಹತ್ತಿಸಿ ಮುಖ ಬಿಸಿಲಿಗೆ ಕಪ್ಪಾಗಿತ್ತು. ಮಂಟಪ ಇಳಿದು ಒಳಬಾಗಿಲಿನ ತನಕ ಬಂದ.

"ಬಲ್ಲವನು ಅಂತಿದೆಯಲ್ಲ, ಯಾರಮ್ಮ ಅದು?"

ನಿಸ್ತಾರಿಣಿ ಮುಚ್ಚಿಡಲಿಲ್ಲ. "ನನ್ನ ಮಗ ಕಣಪ್ಪ."

ನಿಶಿಕಾಂತ ಪಂಚೆ ಎತ್ತಿಕೊಂಡು, ಆ ಹೊಸ್ತಿಲಿನ ಈಚೆಗೆ, ಅವರ ಎದುರಿಗೇ ಕುಕ್ಕರಗಾಲಲ್ಲಿ ಕೂತ.

"ಅವರು ಮತ್ತೇನಾದ್ರೂ ಹೇಳಿದ್ರಾ, ಅಮ್ಮ?"