ಹಡಗಿನ ಮೇಲೆ ತಪ್ಪೊಪ್ಪಿಕೊಂಡ ಸಿದ್ರಾಯ

ನನ್ನ ತಮ್ಮ ಸಿದ್ರಾಯನಂಥ ಸಾಧು ಮನುಷ್ಯನ ಜೊತೆ ಬಾಳುವುದು ತಲೆನೋವಿನ ಕೆಲಸ. ಕುರಿ ಅವನ ಕಾಲು ತುಳಿದರೆ ಕುರಿಯನ್ನೇ ಸಮಾಧಾನ ಮಾಡುತ್ತಾನೆ. ಕೊಣ್ಣೂರಿನಲ್ಲಿ ಕುರಿ ಕಾಯುತ್ತ ಬೆಳೆದವನು, ಮುಂಬೈಗೆ ಹೋಗಿ ಸರಕು ಸಾಗಿಸುವ ಹಡಗಿನಲ್ಲಿ ಖಲಾಸಿಯಾದ. ಹೋದ ತಿಂಗಳು ಹಡಗನ್ನು ದಡಕ್ಕೆ ಕಟ್ಟುವಾಗ ದಪ್ಪ ಹಗ್ಗ ಹರಿದು ಬಲಗೈಗೆ ಬಡಿಯಿತು. ಮನೆಗೆ ಬಂದಾಗ ಬೆರಳು ಮಡಚುತ್ತಿರಲಿಲ್ಲ. ಬೇಗ ಆಪರೇಷನ್ ಆಗದಿದ್ದರೆ ಆ ಕೈ ಹೋದಂತೆಯೇ ಎಂದು ಘಟಪ್ರಭಾದ ಡಾಕ್ಟರು ಹೇಳಿದರು.

ಖರ್ಚಿಗೆ ಹಡಗಿನ ಕಂಪನಿಯವರನ್ನು ಕೇಳೋ ಎಂದರೆ ಇವನು ತಲೆ ತಗ್ಗಿಸಿದ.

“ಹೆಂಗ ಕೇಳ್ಲಿ ಅಕ್ಕಾ? ತಪ್ಪು ನಂದು ಅಂತ ಸಾಹೇಬ್ರ ಮುಂದ ನಾನ ಹೇಳೇನಿ.”

ನನ್ನ ಮೈಯೆಲ್ಲ ಉರಿದುಹೋಯಿತು. ನಮ್ಮ ಕುರಿಗಾರರ ರೂಢಿ ಅದು. ಯಾರಿಗೆ ಪೆಟ್ಟಾದರೂ ಪೆಟ್ಟು ತಿಂದವನೇ ಮೊದಲು ‘ತಪ್ಪು ನಂದು’ ಎನ್ನಬೇಕು, ಜಗಳ ಅಲ್ಲಿಗೇ ಮುಗಿಯಬೇಕು. ಆಮೇಲೆ ಅವನು ಎದ್ದು ಓಡಾಡುವವರೆಗೆ ಉಳಿದವರು ಅವನನ್ನು ನೋಡಿಕೊಳ್ಳುತ್ತಾರೆ. ಹಡಗಿನ ಸಾಹೇಬರಿಗೆ ಇದೆಲ್ಲ ಏನು ಗೊತ್ತು? ಕೇಳಿಸಿಕೊಂಡು ಊರಿಗೆ ಕಳಿಸಿಬಿಟ್ಟರು.

ಎಡಗೈ ಹಿಡಿದು ಎಳೆದುಕೊಂಡು ಹೋಗಿ ಗೋಕಾಕದ ವಕೀಲೆ ಮಾಯಾ ಅವರ ಮುಂದೆ ಕೂರಿಸಿದೆ. ಅವರು ಎಲ್ಲ ಕೇಳಿ, “ಬೇಕಂತ ಹಗ್ಗಕ್ಕ ಕೈ ಕೊಟ್ಟೀಯೇನು?” ಎಂದರು.

“ಇಲ್ರಿ.”

“ಹಂಗಾದ್ರ ಮುಗೀತು. ಹಡಗದಾಗ ಕೆಲಸ ಮಾಡೂಮುಂದ ಪೆಟ್ಟಾದ್ರ ತಪ್ಪು ಯಾರದು ಅಂತ ಕಾಯ್ದೆ ಕೇಳೂದಿಲ್ಲ. ದವಾಖಾನಿ ಖರ್ಚು ಹಡಗದ ಮಾಲಕರದ.”

ಮಾಯಾ ಅಲ್ಲಿಂದಲೇ ಕಂಪನಿಯ ಮುಂಬೈ ಆಫೀಸಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು. ತಪ್ಪು ತನ್ನದೆಂದು ಅವನೇ ಒಪ್ಪಿಕೊಂಡಿದ್ದಾನಲ್ಲ ಎಂದು ಆ ಕಡೆಯವನು ಹಿಂದಿಯಲ್ಲಿ ರಾಗ ತೆಗೆದ. ಮಾಯಾ ದನಿ ಏರಿಸಲಿಲ್ಲ. ಕಾಯ್ದೆ ಬಿಡಿಸಿ ಹೇಳಿ, ತಡವಾಗಿ ಕೈ ಹೋದರೆ ಅದಕ್ಕೂ ನೀವೇ ಹೊಣೆ, ನಾಳೆಯೇ ಕೇಸು ಹಾಕುತ್ತೇನೆ ಎಂದರು. ಅವನು ಮೇಲಿನವರನ್ನು ಕೇಳಿ ಬರುತ್ತೇನೆಂದು ಹೋದ. ತಿರುಗಿ ಬಂದವನ ದನಿ ಮೆತ್ತಗಾಗಿತ್ತು. ಬೆಳಗಾವಿಯಲ್ಲಿ ಆಪರೇಷನ್ ಮಾಡಿಸಿ, ಖರ್ಚು ನಮ್ಮದು, ಈಗಲೇ ಬರೆದು ಕಳಿಸುತ್ತೇವೆ ಎಂದ.

ಖುಷಿ ತಡೆಯಲಾರದೆ ತಮ್ಮನ ಬೆನ್ನಿಗೊಂದು ಗುದ್ದಿದೆ. ವಕೀಲರ ಮುಂದೆ ಎಂಬ ನಾಚಿಕೆಯೂ ಇಲ್ಲದೆ ಅತ್ತೆ. ಸಿದ್ರಾಯ ಮಾತ್ರ ಗರ ಬಡಿದವನಂತೆ ಕೂತಿದ್ದ.

“ಏನಾತೋ?” ಎಂದೆ.

“ಅಕ್ಕಾ, ನನ್ನ ಜೋಡಿ ಹಡಗದಾಗಿದ್ದ ಮೂಡಲಗಿ ಮಾಲಿಂಗ ಅದಾನಲ್ಲ, ಅದ ಹಗ್ಗ ಅವನ ಕಾಲಿಗೂ ಬಡದಿತ್ತು. ಅವನೂ ಕುರಿಗಾರರ ಹುಡುಗ, ತಪ್ಪು ನಂದು ಅಂತ ಹೇಳಿ ಬಂದು ಮನ್ಯಾಗ ಬಿದ್ದಾನ.”

ಮಾಯಾ ಹಣೆಗೆ ಕೈ ಹಚ್ಚಿಕೊಂಡರು. ಸಿದ್ರಾಯ ಎಡಗೈಯಿಂದ ತಡವರಿಸುತ್ತ ಫೋನ್ ಒತ್ತಿದ.

“ಮಾಲಿಂಗಾ, ನಿನ್ನ ಕಾಲು ಉಳೀತೈತಿ. ಗಾಡಿ ಮಾಡ್ಕೊಂಡು ಲಗೂನ ಗೋಕಾಕಕ್ಕ ಬಾ.”